ಎಡಕ್ಕೆ ವಾಲಿದ ರಸ್ತೆ

ಕಾಲು ಮಾಡುವುದು ನನ್ನ ಕಸುಬು. ಮರ, ರಬ್ಬರು, ಚರ್ಮದ ಪಟ್ಟಿ, ಇಷ್ಟರಲ್ಲೇ ಇಪ್ಪತ್ತಾರು ವರ್ಷ ಕಳೆದಿದ್ದೇನೆ. ರಸ್ತೆಯ ಆ ತುದಿಯಲ್ಲಿ ಯಾರಾದರೂ ನಡೆದು ಹೋಗುತ್ತಿದ್ದರೆ, ಯಾವುದು ಹುಟ್ಟಿದ ಕಾಲು, ಯಾವುದು ಮಾಡಿದ ಕಾಲು ಅಂತ ಇಲ್ಲಿಂದಲೇ ಹೇಳುತ್ತೇನೆ. ನಾನು ಮಾಡಿದ್ದಾದರೂ ಸರಿ, ಗೊತ್ತಾಗಿಬಿಡುತ್ತದೆ. ತಂಗಿಯ ಗಂಡನ ಎಡಗಾಲು ಲಾರಿಯಡಿ ಸಿಕ್ಕಿ ಹೋದಾಗ, ಮೊಣಕಾಲಿನ ಕೆಳಗಿನದನ್ನು ನಾನೇ ಮಾಡಿಕೊಟ್ಟೆ.

ಅವನಿಗೆ ನೀರಿನ ಇಲಾಖೆಯಲ್ಲಿ ಪೈಪು ನೋಡುವ ಕೆಲಸ. ಪಂಪ್‌ಹೌಸಿನಿಂದ ಟ್ಯಾಂಕಿನವರೆಗೆ, ಸಮುದ್ರದ ಪಕ್ಕದ ರಸ್ತೆಗುಂಟ ಇಪ್ಪತ್ತೆರಡು ಕಿಲೋಮೀಟರು. ಎಲ್ಲಿ ಸೋರುತ್ತಿದೆ ಅಂತ ನೋಡುತ್ತಾ ನಡೆಯಬೇಕು. ಎಂಜಿನಿಯರು ಕಡ್ಡಿ ಮುರಿದ ಹಾಗೆ ಹೇಳಿದ್ದರು: ಒಂದೇ ದಿನದಲ್ಲಿ ಪೂರ್ತಿ ನಡೆದು, ಸಂಜೆ ಐದರೊಳಗೆ ಟ್ಯಾಂಕಿನಲ್ಲಿ ಸಹಿ ಹಾಕಿದರೆ ಹಳೇ ಕೆಲಸ. ಇಲ್ಲದಿದ್ದರೆ ಪಂಪ್‌ಹೌಸಿನ ಗೇಟಿನಲ್ಲಿ ಸ್ಟೂಲು. ಸಂಬಳ ಅಷ್ಟೇ, ನೆರಳು ಬೇರೆ. ಆದರೂ ಸ್ಟೂಲಿನ ಮಾತೆತ್ತಿದರೆ ಇವನ ಮುಖ ಬಾಡಿಹೋಗುತ್ತಿತ್ತು. ಹತ್ತೊಂಬತ್ತು ವರ್ಷ ನಡೆದವನನ್ನು ಕೂರಿಸಿದರೆ ನನ್ನ ಮನೆಯಲ್ಲಿ ಮಾತೇ ನಿಂತುಹೋಗುತ್ತೆ ಅಣ್ಣ, ನೀನೂ ಜೊತೆಗೆ ಹೋಗು ಅಂತ ತಂಗಿ ಅತ್ತಳು. ಅವಳು ಅತ್ತರೆ ನನ್ನ ಆಟ ನಡೆಯುವುದಿಲ್ಲ.

ಬೆಳಗ್ಗೆ ಆರಕ್ಕೆ ಹೊರಟೆವು. ಅವಳು ಕಟ್ಟಿಕೊಟ್ಟ ಬ್ರೆಡ್ಡು, ಬೇಯಿಸಿದ ಮೊಟ್ಟೆ ಅವನ ಚೀಲದಲ್ಲಿ. ಚಾಕು, ಅಂಟು, ಪಟ್ಟಿ ನನ್ನ ಚೀಲದಲ್ಲಿ. ಎಡಕ್ಕೆ ಪೈಪು, ಅದರಾಚೆ ಸಮುದ್ರ. ಮೊದಲ ಐದು ಕಿಲೋಮೀಟರು ನಾನು ಬೀಗುತ್ತಲೇ ನಡೆದೆ. ಆರನೆಯದರಲ್ಲಿ ಅವನು ಎಡಕ್ಕೆ ಕುಸಿದು ಕುಸಿದು ಹೆಜ್ಜೆ ಹಾಕತೊಡಗಿದ. ಸೊಂಟ ನೆಟ್ಟಗಿಡು, ಕಾಲೆಳೆಯಬೇಡ ಅಂತ ಗದರಿದೆ. ಮೂರು ಸಲ ಗದರಿದೆ. ಅವನು ಹೂಂ ಅಂದನೇ ಹೊರತು ನಡಿಗೆ ಸರಿಹೋಗಲಿಲ್ಲ. ಒಂಬತ್ತನೆಯ ಕಲ್ಲಿನ ಹತ್ತಿರ ನಿಂತ. ಅಂಗಿ ಬೆವರಿನಲ್ಲಿ ತೊಯ್ದಿತ್ತು.

"ಕಾಲು ಚೆನ್ನಾಗೇ ಇದೆ ಭಾವ," ಅಂದ. "ರಸ್ತೆ ವಾಲಿದೆ."

ನಾನು ನಂಬಲಿಲ್ಲ. ನೀರಿನ ಬಾಟಲಿಯನ್ನು ರಸ್ತೆಯ ಮೇಲೆ ಮಲಗಿಸಿದೆ. ಅದು ಉರುಳಿಕೊಂಡು ಹೋಗಿ ಪೈಪಿಗೆ ತಗುಲಿ ನಿಂತಿತು. ಮಳೆನೀರು ಹರಿದುಹೋಗಲಿ ಅಂತ ಅಷ್ಟೂ ರಸ್ತೆಯನ್ನು ಸಮುದ್ರದ ಕಡೆಗೆ ಇಳಿಜಾರು ಮಾಡಿದ್ದರು. ಹುಟ್ಟಿದ ಕಾಲಾದರೆ ತಾನೇ ಹೊಂದಿಕೊಳ್ಳುತ್ತದೆ, ಮರಕ್ಕೆ ಆ ಬುದ್ಧಿ ಎಲ್ಲಿಂದ ಬರಬೇಕು? ನಾನೋ ಅದನ್ನು ನನ್ನ ಅಂಗಡಿಯ ಸಮತಟ್ಟು ನೆಲದ ಮೇಲೆ ನಿಲ್ಲಿಸಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ ಅಂತ ಮೀಸೆ ತಿರುವಿದ್ದೆ. ಅವನು ದಿನಾ ನಡೆಯುವ ರಸ್ತೆಯನ್ನು ಒಂದು ಸಲವೂ ಹೋಗಿ ನೋಡಿರಲಿಲ್ಲ. ಬೈದದ್ದು ನೆನೆದು ನಾಚಿಕೆಯಾಯಿತು.

ಎಡಗಡೆ ಒಂದು ಬೆರಳಿನಷ್ಟು ಎತ್ತರ ಬೇಕಿತ್ತು. ಹಿಮ್ಮಡಿಯೊಂದನ್ನೇ ಎತ್ತರಿಸಿದರೆ ಮುಗ್ಗರಿಸುತ್ತಾನೆ, ಅಡಿ ಪೂರ್ತಿ ಬೇಕು. ಚೀಲದಲ್ಲಿ ಅಷ್ಟು ರಬ್ಬರಿರಲಿಲ್ಲ. ನನ್ನ ಎಡ ಬೂಟು ಬಿಚ್ಚಿ, ಅದರ ದಪ್ಪ ಅಟ್ಟೆಯನ್ನು ಚಾಕುವಿನಿಂದ ಎಬ್ಬಿಸಿ, ಅವನ ಬೂಟಿನಡಿಗೆ ಅಂಟಿಸಿ ಪಟ್ಟಿ ಸುತ್ತಿದೆ. ಬೇಡ ಭಾವ, ನೀವು ಹ್ಯಾಗೆ ನಡೀತೀರಿ ಅಂತ ಅವನು ಕೈ ಹಿಡಿದುಕೊಂಡ. ನನಗೆ ಸ್ಟೂಲೂ ಇದೆ, ಅಂಗಡಿಯೂ ಇದೆ, ಸುಮ್ಮನಿರು ಅಂದೆ. ಅಂಟು ಒಣಗುವುದಕ್ಕೆ ಒಂದು ಗಂಟೆ ಹೋಯಿತು. ಅಷ್ಟು ಹೊತ್ತೂ ಅವನು ಗಡಿಯಾರ ನೋಡಿದ, ನಾನು ಮೊಟ್ಟೆ ತಿಂದೆ.

ಆಮೇಲೆ ಅವನ ನಡಿಗೆ ನೆಟ್ಟಗಾಯಿತು, ನನ್ನದು ಕೆಟ್ಟಿತು. ನನ್ನ ಎಡಗಾಲಿನಡಿ ಈಗ ತೆಳ್ಳನೆಯ ಚರ್ಮ ಮಾತ್ರ. ರಸ್ತೆಯೂ ಆ ಕಡೆಗೇ ಇಳಿಜಾರು. ಹದಿನಾಲ್ಕನೆಯ ಕಲ್ಲಿಗೆ ಬೊಬ್ಬೆ ಎದ್ದಿತು, ಹದಿನಾರಕ್ಕೆ ಒಡೆಯಿತು. ಬಿಸಿಲು ನೆತ್ತಿ ಸುಡುತ್ತಿತ್ತು, ಉಪ್ಪುಗಾಳಿಗೆ ತುಟಿ ಒಡೆದಿತ್ತು. ಅವನು ಮಾತ್ರ ಎರಡು ಕಡೆ ಬಗ್ಗಿ, ಪೈಪು ಮುಟ್ಟಿ ನೋಡಿ, ಸೋರುವಲ್ಲಿ ಸುಣ್ಣದ ಗುರುತು ಹಾಕಿದ. ಚಹಾ ಅಂಗಡಿಯ ಹೆಂಗಸು ನನಗೆ ಕುರ್ಚಿ ಎಳೆದುಕೊಟ್ಟಳು. ಪಾಪ, ಕಾಲಿಲ್ಲದವರನ್ನು ಇಷ್ಟು ದೂರ ನಡೆಸಿಕೊಂಡು ಬಂದಿದ್ದೀಯಲ್ಲ ಅಂತ ಅವನನ್ನು ತರಾಟೆಗೆ ತಗೊಂಡಳು. ಅವನು ನಗು ತಡೆದುಕೊಂಡು ಚಹಾ ಕುಡಿದ.

ಟ್ಯಾಂಕು ಎದುರಿಗೆ ಕಾಣಿಸಿದಾಗ ನಾಲ್ಕೂ ಮುಕ್ಕಾಲು. ಇನ್ನು ಅರ್ಧ ಕಿಲೋಮೀಟರು. ಅವನು ನನಗೋಸ್ಕರ ನಿಧಾನ ಮಾಡುತ್ತಿದ್ದಾನೆ ಅಂತ ಆಗ ನನಗೆ ಹೊಳೆಯಿತು. ಹೆದರಿಕೆಯಾಯಿತು. ಮೈಲಿಗಲ್ಲಿನ ಮೇಲೆ ಕೂತುಬಿಟ್ಟೆ.

"ನಿಮ್ಮನ್ನ ಬಿಟ್ಟು ಹ್ಯಾಗೆ ಹೋಗ್ಲಿ ಭಾವ?"

"ಕಾಲಿಂದ," ಅಂದೆ. "ನಡಿ."

ಹೋದ. ತಿರುಗಿ ನೋಡಲಿಲ್ಲ, ನೋಡಿದ್ದರೆ ಬೈಯುತ್ತಿದ್ದೆ. ನಾನು ಬೂಟು ಬಿಚ್ಚಿಟ್ಟು, ಅಭ್ಯಾಸಬಲದಿಂದ ಅವನ ನಡಿಗೆಯನ್ನು ನೋಡುತ್ತಾ ಕೂತೆ. ಸೊಂಟ ನೋಡಿದೆ, ಹಿಮ್ಮಡಿ ನೋಡಿದೆ, ಹೆಜ್ಜೆಯ ಅಂತರ ನೋಡಿದೆ. ಅವನು ಗೇಟು ದಾಟಿ ಒಳಗೆ ಹೋದಾಗ ಐದಕ್ಕೆ ಇನ್ನೂ ಏಳು ನಿಮಿಷವಿತ್ತು. ಅಷ್ಟು ಹೊತ್ತು ನೋಡಿದರೂ, ನಾನು ಮಾಡಿದ ಕಾಲು ಯಾವುದು ಅಂತ ನನಗೆ ಗೊತ್ತಾಗಲಿಲ್ಲ.