ನಿಲ್ಲಿಸದೆ ಬಂದ ನಿಲ್ದಾಣ

ಬಸ್ ಚಾಲಕನಿಗೆ ಕರುಳಿನ ಕಾಯಿಲೆ ಅಂಟಿಕೊಂಡು ಒಂಬತ್ತು ವರ್ಷವಾಗಿತ್ತು. ದಾರಿಯುದ್ದಕ್ಕೂ ಯಾವ ಪೆಟ್ರೋಲ್ ಬಂಕಿನ ಶೌಚಾಲಯಕ್ಕೆ ಬೀಗವಿರುತ್ತದೆ, ಯಾವುದಕ್ಕಿಲ್ಲ ಎಂಬುದೆಲ್ಲ ಅವನಿಗೆ ಬಾಯಿಪಾಠ. ಮಾತ್ರೆ ಬದಲಾಯಿಸಿ ಬದಲಾಯಿಸಿ ಸೋತ ಡಾಕ್ಟರು ಕೊನೆಗೆ ಅವನನ್ನು ಆಸ್ಪತ್ರೆಯ ಮೂರನೇ ಮಹಡಿಯಲ್ಲಿದ್ದ ಮನಶ್ಶಾಸ್ತ್ರಜ್ಞೆಯ ಬಳಿ ಕಳಿಸಿದರು. ನೋವಿರುವುದು ಹೊಟ್ಟೆಯಲ್ಲಿ, ತಲೆಯಲ್ಲಲ್ಲ ಎಂದು ಗೊಣಗುತ್ತಲೇ ಮೆಟ್ಟಿಲು ಹತ್ತಿದ.

ಆಕೆ ಉಪದೇಶಕ್ಕಿಳಿಯಲಿಲ್ಲ. ಹೊಟ್ಟೆಯ ಮೇಲೆ ಅಂಗೈಯಿಟ್ಟು ನಿಧಾನವಾಗಿ ಉಸಿರಾಡುವುದನ್ನು ಕಲಿಸಿದಳು. ತಿಂದದ್ದನ್ನೂ ನೋವು ಬಂದ ಹೊತ್ತನ್ನೂ ಬರೆದಿಡಲು ಹೇಳಿದಳು. ಮೂರನೇ ವಾರ ಅವನ ಪುಸ್ತಕ ತಿರುವಿ ಹಾಕಿ ಕೇಳಿದಳು:

"ಏನೇ ತಿಂದಿರ್ಲಿ, ದಿನಾ ಎಂಟೂ ಇಪ್ಪತ್ತಕ್ಕೆ ಹಿಂಡುತ್ತೆ. ರಜಾ ದಿನಾನೂ ಬಿಟ್ಟಿಲ್ಲ. ಆ ಹೊತ್ತಲ್ಲಿ ಏನಿದೆ?"

ಎಂಟೂ ಇಪ್ಪತ್ತಕ್ಕೆ ಬಸ್ಸು ಹಿಟ್ಟಿನ ಗಿರಣಿಯ ಎದುರಿನ ನಿಲ್ದಾಣ ಮುಟ್ಟುತ್ತಿತ್ತು. ಅಲ್ಲಿ ದಿನವೂ ಅವನ ಅಣ್ಣ ಕೈಯೆತ್ತಿ ನಿಂತಿರುತ್ತಿದ್ದ. ಅಣ್ಣ ಸತ್ತು ಎರಡು ವರ್ಷವಾಗಿತ್ತು.

ಸತ್ತ ದಿನ ಅಣ್ಣ ಅಲ್ಲಿ ನಿಜಕ್ಕೂ ನಿಂತಿದ್ದ. ಚಾಲಕನ ಕರುಳು ಕಿವುಚುತ್ತಿತ್ತು. ಮುಂದಿನ ಬಂಕಿನ ಶೌಚಾಲಯ ಮುಟ್ಟುವುದು ಒಂದು ನಿಮಿಷ ತಡವಾದರೂ ಅಷ್ಟು ಜನರೆದುರು ಕೂತಲ್ಲೇ ಮಾನ ಹೋಗುತ್ತಿತ್ತು. ಅಣ್ಣನ ಮುಖ ನೋಡಿಯೂ ನಿಲ್ಲಿಸದೆ ಮುಂದೆ ಸಾಗಿದ. ಹಿಂದೆ ಬರುತ್ತಿದ್ದ ವ್ಯಾನಿಗೆ ಕೈ ಮಾಡಲು ಅಣ್ಣ ರಸ್ತೆಗಿಳಿದ. ಲಾರಿಯೊಂದು ಅವನನ್ನು ಹೊಡೆದು ಹೋಯಿತು. ಬಸ್ಸು ತುಂಬಿತ್ತು ಎಂದು ಚಾಲಕ ಮನೆಯಲ್ಲಿ ಹೇಳಿದ್ದ. ಅರ್ಧಕ್ಕರ್ಧ ಸೀಟು ಖಾಲಿಯಿದ್ದವು.

ಅವನು ಇದನ್ನೆಲ್ಲ ಹೇಳಿಕೊಂಡಾಗ, ನಿಮ್ಮ ತಪ್ಪಲ್ಲ ಎಂದು ಆಕೆ ಸಮಾಧಾನ ಹೇಳಲಿಲ್ಲ. ಇದನ್ನು ಇನ್ನು ಯಾರಿಗೆ ಹೇಳಬೇಕು ಅನಿಸುತ್ತದೆ ಎಂದಷ್ಟೇ ಕೇಳಿದಳು.

ಭಾನುವಾರ ಅತ್ತಿಗೆಯ ಮನೆಗೆ ಹೋದ. ಮಗಳ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದ ಅತ್ತಿಗೆ, ಅವನು ಎಲ್ಲವನ್ನೂ, ಈಗಲೂ ಕಾಣುವ ಆ ಎತ್ತಿದ ಕೈಯನ್ನೂ ಹೇಳಿ ಮುಗಿಸುವವರೆಗೆ ತಲೆಯೆತ್ತಲಿಲ್ಲ.

"ನಿನ್ನ ಕಾಯಿಲೆ ವಿಷಯ ನಿಮ್ಮಣ್ಣಂಗೆ ಗೊತ್ತಿತ್ತಾ?"

"ಇಲ್ಲ ಅತ್ತಿಗೆ. ಹೇಳ್ಕೊಳ್ಳೋಕೆ ನಾಚಿಕೆ ಆಗ್ತಿತ್ತು."

"ಹಾಗಾದ್ರೆ ತಮ್ಮ ಬೇಕಂತಲೇ ಬಿಟ್ಟು ಹೋದ ಅಂದ್ಕೊಂಡೇ ಅವರು ಹೋದ್ರು."

ಇಸ್ತ್ರಿ ಪೆಟ್ಟಿಗೆ ಆರಿಸಿ ಒಳಗೆ ಹೋದವಳು ಹೊರಗೆ ಬರಲೇ ಇಲ್ಲ. ಗಂಟೆ ಹೊತ್ತು ಕಾದು ಅವನೇ ಬಾಗಿಲು ಮುಂದೆ ಮಾಡಿಕೊಂಡು ಎದ್ದು ಬಂದ.

ಮರುದಿನ ಡಿಪೋದ ಮೇಲ್ವಿಚಾರಕರ ಬಳಿ ನಾಚಿಕೆ ಬಿಟ್ಟು ಕಾಯಿಲೆಯ ವಿಷಯ ಹೇಳಿದ. ಅವರು ಕನ್ನಡಕ ಸರಿಪಡಿಸಿಕೊಂಡು, ಇಷ್ಟು ದಿನ ಯಾಕಯ್ಯಾ ಬಾಯಿ ಬಿಡಲಿಲ್ಲ ಎಂದು ಬೈದು, ದಾರಿಯ ನಡುವೆ ಐದು ನಿಮಿಷ ಬಿಡುವು ಬರೆದುಕೊಟ್ಟರು. ಮೂರನೇ ಮಹಡಿಗೆ ಹೋಗುವುದನ್ನೂ ಅವನು ತಪ್ಪಿಸಲಿಲ್ಲ. ಬರಬರುತ್ತಾ ಪುಸ್ತಕದಲ್ಲಿ ವಾರಕ್ಕೆ ಮೂರು ನಾಲ್ಕು ದಿನ ನೋವಿಲ್ಲದೆ ಖಾಲಿ ಉಳಿಯತೊಡಗಿದವು. ಆದರೆ ಅಣ್ಣ ಮಾತ್ರ ಹೋಗಲಿಲ್ಲ. ಈಗ ಚಾಲಕ ಗಿರಣಿಯ ಎದುರು, ಯಾರೂ ಕಾಯದಿದ್ದರೂ, ಬಸ್ಸು ನಿಲ್ಲಿಸಿ ಬಾಗಿಲು ತೆರೆಯುತ್ತಿದ್ದ. ಜನ ಗೊಣಗುತ್ತಿದ್ದರು.

ಮೂರು ತಿಂಗಳ ಮೇಲೆ ಒಂದು ಬೆಳಿಗ್ಗೆ ತೆರೆದ ಬಾಗಿಲಿನಿಂದ ಅತ್ತಿಗೆ ಹತ್ತಿದಳು. ಅವನ ಬೆನ್ನ ಹಿಂದಿನ ಸೀಟಿನಲ್ಲಿ ಕೊನೆಯ ನಿಲ್ದಾಣದವರೆಗೂ ಕೂತಳು. ಎಲ್ಲರೂ ಇಳಿದ ಮೇಲೆ ಕೇಳಿದಳು:

"ಇವತ್ತೂ ನಿಂತಿದ್ರಾ?"

"ಹೂಂ ಅತ್ತಿಗೆ. ನಿಮ್ಮ ಪಕ್ಕದಲ್ಲೇ."

ಅವಳು ಕಂಬಿ ಹಿಡಿದು ಬಾಗಿಲ ಮೆಟ್ಟಿಲಿಗೆ ಬಂದಳು.

"ನಾಳೆನೂ ನಿಲ್ಸು," ಎಂದು ಇಳಿದು ಹೋದಳು.