ಬೆಟ್ಟಯ್ಯ ತಂದ ಚೀಟಿ ವೋಟು

ಅವರೆಕಾಯಿಯ ಕಾಲ. ಬೆಳಗಿನ ಹಾಲು ಅಳೆದು, ಕ್ಯಾನು ತೊಳೆಯುತ್ತಿದ್ದ ಹೊತ್ತು. ಗುಬ್ಬಿ ಕಡೆಯ ಆ ಊರಿನ ಡೈರಿ ಅಧ್ಯಕ್ಷ ಬೆಟ್ಟಯ್ಯನಿಗೆ ಬುದ್ಧಿ ಓಡಿದ್ದು ಆಗಲೇ; ಓಡದಿದ್ದರೆ ಚೆನ್ನಾಗಿತ್ತು.

ಡೈರಿಗೆ ಹೊಸ ಕಟ್ಟಡ ಎದ್ದಿತ್ತು. ಬಾಗಿಲ ಪಕ್ಕದ ಕಲ್ಲಿನಲ್ಲಿ, ಈ ಸಲದ ಚುನಾವಣೆಯಲ್ಲಿ ಗೆದ್ದ ಅಧ್ಯಕ್ಷರ ಹೆಸರು ಕೆತ್ತಿಸಬೇಕು. ಅದು ತನ್ನದೇ ಆಗಬೇಕೆಂದು ಅವನಿಗೆ ಬಲು ಆಸೆ. ತಡವರಿಸದೆ ಅವನು ಓದಬಲ್ಲದ್ದು ತನ್ನ ಹೆಸರೊಂದನ್ನೇ.

ಪ್ರತಿ ಸಲವೂ ಹದಿಮೂರು ಡೈರೆಕ್ಟರುಗಳು ಕೈ ಎತ್ತಿ ಅಧ್ಯಕ್ಷನನ್ನು ಆರಿಸುತ್ತಿದ್ದರು. ಅವರಲ್ಲೇ ಚುನಾವಣೆಗೆ ನಿಂತವನು ತನಗೇ ಕೈ ಎತ್ತಿಕೊಳ್ಳಬಾರದು, ಎದುರಾಳಿಗೆ ಎತ್ತಬೇಕು. ಅದು ಅಲ್ಲಿನ ಮರ್ಯಾದೆ. ಬೆಟ್ಟಯ್ಯನಿಗೆ ಏಳು, ಹೆಂಡತಿಯ ತಮ್ಮ ವೆಂಕಟರಂಗಯ್ಯನಿಗೆ ಆರು.

ತುಮಕೂರಿನಲ್ಲಿ ರಾಜ್ಯಶಾಸ್ತ್ರ ಓದುವ ಮೊಮ್ಮಗಳು ಭೂಮಿಕಾ ಇದನ್ನು ಕೇಳಿ ನಕ್ಕಳು.

“ಕೆಲವು ದೇಶದಲ್ಲಿ ಮೊದಲು ಯಾರು, ಆಮೇಲೆ ಯಾರು ಅಂತ ನಂಬರ್ ಹಾಕ್ತಾರೆ ತಾತ. ಇನ್ನು ಕೆಲವು ಕಡೆ ಪಾರ್ಟಿಗೆ ಬಿದ್ದ ವೋಟಿನ ಲೆಕ್ಕದಲ್ಲಿ ಸೀಟು. ಹಾಕೋದು ಮಾತ್ರ ಗುಟ್ಟಾಗೇ. ನಿಮ್ದೇನು, ಕೈ ಎತ್ತೋದು?”

“ಗುಟ್ಟಾಗಿ ಹಾಕ್ಸಿದ್ರೆ ಎಲ್ರೂ ನಂಗೇ ಹಾಕ್ತಾರೆ ಕಣವ್ವ. ವೆಂಕ್ಟನ ಮುಖ ನೋಡಿ ಸಂಕೋಚ ಪಡ್ತವ್ರೆ, ಅಷ್ಟೇ.”

ಸಭೆಯಲ್ಲಿ ಬೆಟ್ಟಯ್ಯನೇ ಚೀಟಿ ವೋಟಿನ ಮಾತೆತ್ತಿದ.

“ಆಗ್ಲಿ ಬುಡು ಭಾವ, ನಿನ್ನಿಷ್ಟ,” ಎಂದ ವೆಂಕಟರಂಗಯ್ಯ.

ಬೆಟ್ಟಯ್ಯನಿಗೆ ಹಸುವಿನ ಗುರುತು, ವೆಂಕಟರಂಗಯ್ಯನಿಗೆ ಕ್ಯಾನಿನ ಗುರುತು. ಒಬ್ಬೊಬ್ಬರೇ ಒಳಕೋಣೆಗೆ ಹೋಗಿ ಗೀಟು ಹಾಕಿ ಬಂದರು. ಭೂಮಿಕಾ ಎಣಿಸಿದಳು. ಕ್ಯಾನಿಗೆ ಏಳು, ಹಸುವಿಗೆ ಆರು.

“ಯಾವನೋ ಕೈಕೊಟ್ಟವ್ನೆ,” ಎಂದು ಬೆಟ್ಟಯ್ಯ ಒಬ್ಬೊಬ್ಬರ ಮುಖವನ್ನೂ ದುರುಗುಟ್ಟಿ ನೋಡಿದ.

“ತಾತ, ನೀನು ಯಾರಿಗೆ ಹಾಕ್ದೆ?”

“ವೆಂಕ್ಟಂಗೆ. ನನಗೆ ನಾನೇ ಹಾಕ್ಕೊಳ್ಳಕ್ಕೆ ನಾಚ್ಕೆ ಆಗಲ್ವೇ?”

“ವೆಂಕ್ಟ ತಾತ, ನೀವು?”

ವೆಂಕಟರಂಗಯ್ಯ ಟವೆಲಿನಿಂದ ಮುಖ ಒರೆಸಿಕೊಂಡ. “ಒಳಗೆ ನೋಡೋರು ಯಾರೂ ಇರ್ಲಿಲ್ವಲ್ಲವ್ವ.”

ಸಭೆ ಗೊಳ್ಳೆಂದಿತು. ಇಷ್ಟು ಕಾಲ ತನ್ನನ್ನು ಅಧ್ಯಕ್ಷನಾಗಿ ಉಳಿಸಿದ್ದು ಈ ಎದುರಾಳಿಯ ಕೈ ಎಂಬುದು ಬೆಟ್ಟಯ್ಯನಿಗೆ ಆಗ ತಿಳಿಯಿತು. ಅದನ್ನೇ ಜನಪ್ರೀತಿ ಅಂದುಕೊಂಡು ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದ. ಮತ್ತೆ ಕೈ ಎತ್ತಿಸೋಣ ಅನ್ನಲು ಬಾಯಿ ಬರಲಿಲ್ಲ. ಅವನಿಗೂ ನಗು ಬಂತು, ಸ್ವಲ್ಪ ತಡವಾಗಿ.

“ಕಲ್ಲು ಕೆತ್ತೋನು ಕುಣಿಗಲ್ಲಲ್ಲಿ ಅವ್ನೆ. ನೀನೂ ಬಾ ಭಾವ, ನಂಗೆ ದಾರಿ ಗೊತ್ತಿಲ್ಲ,” ಎಂದ ವೆಂಕಟರಂಗಯ್ಯ.

ದಾರಿ ಬೆಟ್ಟಯ್ಯನಿಗೆ ಗೊತ್ತಿತ್ತು. ಹೋದ ವಾರವಷ್ಟೇ ತನ್ನ ಹೆಸರಿಗೆಂದು ಒಳ್ಳೆಯ ಕಲ್ಲು ಆರಿಸಿಟ್ಟು ಬಂದಿದ್ದ. ಶುಕ್ರವಾರ ಬೆಳಿಗ್ಗೆ ಹೊಸ ಅಧ್ಯಕ್ಷನ ಬೈಕಿನ ಹಿಂದೆ ಕೂತು ಕುಣಿಗಲ್ಲಿಗೆ ಹೊರಟುಹೋದ.