ಗಾಜು ತಟ್ಟುವ ಮೇಷ್ಟ್ರು

ಮೇಷ್ಟ್ರು ಯಾವ ಮಾಪಕವನ್ನೂ ಒಂದೇ ನೋಟಕ್ಕೆ ನಂಬಿದವರಲ್ಲ. ಮೊದಲು ತೋರುಬೆರಳಿನ ಉಗುರಿನಿಂದ ಅದರ ಗಾಜನ್ನು ಟಕ್ ಟಕ್ ಎಂದು ಎರಡು ಸಲ ತಟ್ಟಿ, ಮುಳ್ಳು ಬೆಚ್ಚಿಬಿದ್ದಾದರೂ ನಿಜ ಹೇಳೀತೇನೋ ಎಂದು ಕಾದು, ಆಮೇಲೆ ಮುಖ ಸಿಂಡರಿಸಿಕೊಂಡೇ ಓದುವರು. ಅನಿಲದ ಸಿಲಿಂಡರಿನ ಮಾಪಕವಿರಲಿ, ಗೋಡೆಯ ಗಡಿಯಾರವಿರಲಿ, ಕಡೆಗೆ ಅವರದೇ ರಕ್ತದೊತ್ತಡ ನೋಡುವ ವೈದ್ಯರ ಯಂತ್ರವಿರಲಿ, ಎಲ್ಲಕ್ಕೂ ಒಂದೇ ಸತ್ಕಾರ. ಯಾರೇನೇ ಹೇಳಿದರೂ ಬಾಯಿಂದ ಮೊದಲು ಬರುವ ಮಾತು, "ಹೌದಾ? ಯಾರು ಹೇಳಿದ್ದು?" ಅವರ ಹೆಂಡತಿ ಒಮ್ಮೆ, ಅವರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದ ಶಿಷ್ಯೆಯೆದುರು, "ಊಟಕ್ಕೆ ಬನ್ನಿ ಅಂದ್ರೂ ಇವರಿಗೆ ಸಾಕ್ಷಿ ಬೇಕು ಕಣಮ್ಮ" ಎಂದು ನಕ್ಕಿದ್ದರು. ಮೊಣಕೈ ಸವೆದ ಬಿಳಿ ಕೋಟನ್ನು ಪ್ರಯೋಗಾಲಯದಲ್ಲಿ ಎಲ್ಲರ ಕೋಟುಗಳ ಜೊತೆ ನೇತುಹಾಕದೆ ಮಡಚಿ ಮನೆಗೊಯ್ಯುವರು. ನಡೆಯುತ್ತ ನಡೆಯುತ್ತ ಹತ್ತು ಹೆಜ್ಜೆಗೊಮ್ಮೆ ನಿಂತು, ಹಾಕಿದ ಬೀಗ ಹಾಕಿದಂತೆಯೇ ಇದೆಯೇ ಎಂದು ಹಿಂತಿರುಗಿ ನೋಡುವರು.

ಇಂಥವರು ಆಯುಷ್ಯವನ್ನೆಲ್ಲ ಸವೆಸಿದ ವಿಷಯವೂ ಅವರಿಗೆ ತಕ್ಕದ್ದೇ. ಆಮ್ಲಜನಕ ಕಡಿಮೆಯಾದರೆ ದೇಹದ ಬೇರೆಡೆಯ ರಕ್ತನಾಳಗಳು ಉದಾರವಾಗಿ ಹಿಗ್ಗುತ್ತವೆ. ಶ್ವಾಸಕೋಶದವು ಮಾತ್ರ, ಗಾಳಿಯಿಲ್ಲದ ಮೂಲೆಗೆ ರಕ್ತವೇಕೆ ಎಂದು ಬಿಗಿದುಕೊಳ್ಳುತ್ತವೆ. ಆ ನಾಳದ ಸ್ನಾಯುಕೋಶಗಳ ಪೊರೆಯಲ್ಲಿ ಪೊಟ್ಯಾಸಿಯಂ ಹೊರಹೋಗುವ ಸೂಕ್ಷ್ಮವಾದ ಬಾಗಿಲುಗಳಿವೆ. ಆಮ್ಲಜನಕ ಇಳಿದರೆ ಅವು ಮುಚ್ಚುತ್ತವೆ, ಆಗ ಕ್ಯಾಲ್ಸಿಯಂ ಒಳನುಗ್ಗಿ ಸ್ನಾಯು ಬಿಗಿಯುತ್ತದೆ. ಬಾಗಿಲುಗಳು ಹೆಚ್ಚುಕಡಿಮೆ ಪೂರ್ತಿ ಮುಚ್ಚುತ್ತವೆಂದು ಇಪ್ಪತ್ತೆರಡು ವರ್ಷಗಳ ಹಿಂದೆ ಲೇಖನವೊಂದರ ಗ್ರಾಫಿನಲ್ಲಿ ತೋರಿಸಿ ಮೇಷ್ಟ್ರು ಹೆಸರಾಗಿದ್ದರು; ಆ ಗ್ರಾಫು ಗಾಜಿನ ಚೌಕಟ್ಟಿನೊಳಗೆ ಪ್ರಯೋಗಾಲಯದ ಗೋಡೆಯಲ್ಲಿ ತೂಗುತ್ತಿತ್ತು.

ಶಿಷ್ಯೆಯ ಕೋಶಗಳಲ್ಲಿ ಅವು ಅರ್ಧವೇ ಮುಚ್ಚಿದವು. ನಾಲ್ಕು ವರ್ಷದ ದುಡಿಮೆ. ತಿಂಗಳ ಕೊನೆಗೆ ಪ್ರಬಂಧ ಸಲ್ಲಿಸದಿದ್ದರೆ ಅಷ್ಟೂ ನೀರುಪಾಲು. ಸಲ್ಲಿಸಲು ಮೇಷ್ಟ್ರ ರುಜು ಬೇಕೇ ಬೇಕು.

"ಅರ್ಧ ಅಂತ ಯಾರು ಹೇಳಿದ್ದು?" ಎಂದರು ಮೇಷ್ಟ್ರು. "ನಿನ್ನ ಪ್ಲಾಸ್ಟಿಕ್ ಕೊಳವೆಯಿಂದ ಗಾಳಿ ನುಗ್ಗಿರುತ್ತೆ."

ಅವಳು ಉಕ್ಕಿನ ಕೊಳವೆ ಹಾಕಿಸಿದಳು, ಆಗಲೂ ಅರ್ಧವೇ. ಮೇಷ್ಟ್ರು ದ್ರಾವಣದ ಆಮ್ಲಜನಕವನ್ನು ಹೊರದೂಡುವ ಸಾರಜನಕದ ಸಿಲಿಂಡರನ್ನು ಶಂಕಿಸಿದರು, ಸೂಕ್ಷ್ಮದರ್ಶಕವನ್ನು ಶಂಕಿಸಿದರು, ಆಮೇಲೆ ಮೂರು ದಿನ ಅವಳ ಬೆನ್ನ ಹಿಂದೆ ಸ್ಟೂಲು ಹಾಕಿಕೊಂಡು ಕಣ್ಣಲ್ಲಿ ಕಣ್ಣಿಟ್ಟು ಕೂತರು. ಅಬ್ಬಾ, ಆ ಉಸಿರಿನ ಸದ್ದಿಗೇ ಅವಳ ಕೈ ಬೆವರುತ್ತಿತ್ತು. ನಾಲ್ಕನೆಯ ದಿನ ಮಾತ್ರ ಅವರು ಬರಲಿಲ್ಲ, ಮತ್ತು ಅಂದೇ ಎಲ್ಲವೂ ತಲೆಕೆಳಗಾಯಿತು: ಗಾಳಿ ತುಂಬಿದ ದ್ರಾವಣದಲ್ಲಿ ಬಾಗಿಲು ಮುಚ್ಚಿದವು, ಗಾಳಿ ತೆಗೆದದ್ದರಲ್ಲಿ ತೆರೆದೇ ಇದ್ದವು. ಇದನ್ನು ಬಚ್ಚಿಟ್ಟರೆ ರುಜು ಸಿಕ್ಕೀತು, ಹೇಳಿದರೆ ಕೆಲಸ ಕೆಟ್ಟೀತು ಎಂದು ಗೊತ್ತಿದ್ದರೂ, ಅವಳು ಕಂಡದ್ದನ್ನು ಕಂಡಂತೆಯೇ ಬರೆದು ಒಯ್ದು ಅವರ ಮೇಜಿನ ಮೇಲಿಟ್ಟಳು.

ಮೇಷ್ಟ್ರು ಓದಿ ಮೆಲ್ಲಗೆ ಅಂದರು: "ಬಾಟಲಿಗಳ ಚೀಟಿಗಳನ್ನ ನಾನೇ ಅದಲುಬದಲು ಮಾಡಿದ್ದೆ."

ಅವಳಿಗೆ ಮೈಯೆಲ್ಲ ಉರಿಯಿತು. "ನನ್ನನ್ನೇ ಕಳ್ಳಿ ಅಂದ್ಕೊಂಡ್ರಾ ಸರ್?"

"ನಿನ್ನನ್ನಲ್ಲಮ್ಮ. ಬಾಟಲಿಯನ್ನ."

"ಕೊಳವೆ ಆಯ್ತು, ಸಿಲಿಂಡರ್ ಆಯ್ತು, ನಾನೂ ಆದೆ." ಅವಳು ಜಗ್ಗಲಿಲ್ಲ, ಗೋಡೆಯತ್ತ ಕೈ ತೋರಿಸಿದಳು. "ಅಲ್ಲಿ ಪೂರ್ತಿ ಮುಚ್ಚುತ್ತೆ ಅಂತ ಯಾರು ಹೇಳಿದ್ದು ಸರ್?"

ಆ ಕೋಣೆಯಲ್ಲಿ ಆ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ. ಮೇಷ್ಟ್ರು ಎದ್ದು, ಬೀರುವಿನ ತಳದಿಂದ ಹಳೆಯ ದಿನಚರಿಯ ಪುಸ್ತಕವೊಂದನ್ನು ತೆಗೆದರು. ಗ್ರಾಫಿನ ತಾರೀಖಿನೆದುರು ಅವರದೇ ಮುತ್ತಿನಂಥ ಅಕ್ಷರ: ಸಿಲಿಂಡರ್ ಬಂದಿಲ್ಲ, ಆಮ್ಲಜನಕ ಹೀರುವ ಪುಡಿ ಒಂದು ಚಿಟಿಕೆ ಹಾಕಿದೆ. ಆ ಪುಡಿ ಆಮ್ಲಜನಕವನ್ನಷ್ಟೇ ಹೀರಿ ಸುಮ್ಮನಿರುವಂಥದ್ದಲ್ಲ, ದ್ರಾವಣದ ಆಮ್ಲತೆಯನ್ನೂ ಬದಲಿಸುತ್ತದೆ. ಬಾಗಿಲುಗಳಲ್ಲಿ ಎಷ್ಟು ಆಮ್ಲಜನಕದ ಅಭಾವಕ್ಕೆ ಮುಚ್ಚಿದವು, ಎಷ್ಟು ಪುಡಿಯ ಕೈವಾಡಕ್ಕೆ ಎಂದು ಇನ್ನು ಯಾರು ಬಿಡಿಸಿ ಹೇಳಬೇಕು? ಅದು ಲೇಖನದಲ್ಲಿ ಬರೆಯುವಷ್ಟು ದೊಡ್ಡ ಸಂಗತಿಯೆಂದು ಆಗ ಮೇಷ್ಟ್ರಿಗೆ ಅನ್ನಿಸಿರಲಿಲ್ಲ.

ಅವರು ಗೋಡೆಯ ಬಳಿ ಹೋಗಿ ನಿಂತು, ತೋರುಬೆರಳನ್ನೆತ್ತಿ, ಚೌಕಟ್ಟಿನ ಗಾಜನ್ನು ತಟ್ಟಿದರು: ಟಕ್ ಟಕ್. ಗ್ರಾಫಿಗೆ ಮುಳ್ಳಿಲ್ಲ, ಅದು ಅಲುಗಲಿಲ್ಲ. ಅಲುಗಿದ್ದು ಅವರ ಕೈ. ಶಿಷ್ಯೆಗೆ ಗೆದ್ದೆನೆಂಬ ಹಿಗ್ಗೇನೂ ಆಗಲಿಲ್ಲ, ಅಯ್ಯೋ ಅನ್ನಿಸಿತು. ಮೇಷ್ಟ್ರು ಚೌಕಟ್ಟನ್ನು ಕೆಳಗಿಳಿಸಿ, ಮುಖ ಗೋಡೆಗೆ ತಿರುಗಿಸಿಟ್ಟು, ಲೇಖನ ಪ್ರಕಟಿಸಿದ ಪತ್ರಿಕೆಗೆ ತಿದ್ದುಪಡಿ ಬರೆಯಲು ಕುಳಿತರು. ಅದಕ್ಕೂ ಮೊದಲು ಅವಳ ಪ್ರಬಂಧಕ್ಕೆ ರುಜು ಹಾಕಿದರು. ಹಾಕಿ, "ಆದ್ರೂ ಇನ್ನೊಂದು ಸಲ ಮಾಡಿ ನೋಡಮ್ಮ" ಎಂದರು.

ಸಂಶಯಪ್ರಾಣಿಗಳೊಡನೆ ಬಾಳುವುದು ಸುಲಭವಲ್ಲ. ಅವರ ನೆರಳಿನಲ್ಲಿ ಕೆಲಸ ಕಲಿತವರು ಮನಸ್ಸಿನಲ್ಲೇ ಎಷ್ಟು ಬೈದಿರುತ್ತಾರೋ ಲೆಕ್ಕವಿಲ್ಲ. ಲೋಕವನ್ನೆಲ್ಲ ಶಂಕಿಸಿ ತಮ್ಮನ್ನು ಮಾತ್ರ ಬಿಟ್ಟುಬಿಡುವವರು ಬೀದಿಗೊಬ್ಬರು ಸಿಗುತ್ತಾರೆ. ತಮ್ಮ ಕೀರ್ತಿಗೆ ಗಾಜು ಹಾಕಿಸಿ ಗೋಡೆಗೇರಿಸಿದ ಮೇಲೂ, ಯಾರೋ ಕೇಳಿದರೆಂದು ಎದ್ದುಹೋಗಿ ಆ ಗಾಜನ್ನು ತಟ್ಟಬಲ್ಲವರು ತೀರ ವಿರಳ, ಮತ್ತು ಹಾಗೆ ತಟ್ಟುವಾಗ ಅವರ ಕೈ ನಡುಗದೆ ಇರುವುದಿಲ್ಲ.